ಸಹಾಯ ಬೇಕು: ಪುಕ್ಕಟೆ ಕೊಟ್ಟದ್ದನ್ನು ಮಾರಿಕೊಳ್ಳುವವರನ್ನು ತಡೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಾವು ಕೆಲವರು ಬೇಡದ ಸಾಮಾನನ್ನು ಬೇಕಾದವರಿಗೆ ಸುಮ್ನೆ ಕೊಡುವ ವಾಟ್ಸಾಪ್ ಗುಂಪು ನಡೆಸುತ್ತಿದ್ದೇವೆ. ಹೋದ ತಿಂಗಳು ಅಮ್ಮನ ಹೊಲಿಗೆ ಯಂತ್ರ ಹಾಕಿದ್ದೆ. "ಮಗಳು ಟೈಲರಿಂಗ್ ಕಲೀತಿದಾಳೆ" ಅಂತ ಒಬ್ಬರು ಎರಡೇ ನಿಮಿಷಕ್ಕೆ ಕೇಳಿದರು. ಒರೆಸಿ, ಎಣ್ಣೆ ಬಿಟ್ಟು ಕೊಟ್ಟೆ. ಮೂರನೇ ದಿನ ಅದೇ ಯಂತ್ರ, ಹಲಗೆ ಮೇಲಿನ ಇಸ್ತ್ರಿಪೆಟ್ಟಿಗೆಯ ಸುಟ್ಟ ಕಲೆ ಸಮೇತ, ಮಾರಾಟದ ಆ್ಯಪ್‌ನಲ್ಲಿ 3,500 ರೂಪಾಯಿಗೆ!

ಕೊಟ್ಟ ಮೇಲೆ ಅದು ಅವರದ್ದು, ಒಪ್ಪುತ್ತೇನೆ. ಆದರೆ ತೀರ್ಥಹಳ್ಳಿ ಕಡೆಯ ಅಕ್ಕ ಒಬ್ಬರು ಸಂಜೆ ಕೇಳಿದಾಗ ಇಲ್ಲ ಅಂದಿದ್ದೆ. ಅವರ ಊರಲ್ಲಿ ನೆಟ್‌ವರ್ಕ್ ಸಿಗೋದೇ ಗುಡ್ಡ ಹತ್ತಿದರೆ. ಮೊದಲು ಕೇಳಿದವರಿಗೆ ಅನ್ನುವ ನಮ್ಮ ನಿಯಮ ಇಂಥವರಿಗೆ ಅನ್ಯಾಯ ಅಲ್ವಾ?

2003ರಲ್ಲಿ ಅಮೆರಿಕದಲ್ಲಿ ಶುರುವಾದ, ಹೀಗೇ ಸಾಮಾನು ಸುಮ್ನೆ ಕೊಡುವ ಗುಂಪುಗಳ ಜಾಲವಾದ ಫ್ರೀಸೈಕಲ್‌ನಲ್ಲಿ ಯಾರಿಗೆ ಅನ್ನೋದು ಕೊಡುವವರಿಗೇ ಬಿಟ್ಟದ್ದು. ಇಲ್ಲಿ ಹಾಗೆ ಆರಿಸಿದರೆ "ಪರಿಚಯದವರಿಗೇ ಕೊಟ್ರಿ" ಅಂತಾರೆ. ಒಂದು ದಿನ ಕಾದು ಚೀಟಿ ಎತ್ತೋದಾ? ಸಾಗರ, ಹೊಸನಗರ ಕಡೆ ಇಂಥ ಗುಂಪು ನಡೆಸಿದವರಿದ್ದರೆ ದಯವಿಟ್ಟು ಹೇಳಿ.

ಸ್ವಲ್ಪ ಬೇಗ. ಮುಂದಿನ ವಾರ ಅತ್ತೆಯ ತಾಮ್ರದ ಹಂಡೆ ಕೊಡಬೇಕಿದೆ. ಅದು ಗುಜರಿಗೆ ಹೋದರೆ ನಾನೂ ಹಿಂದೆಯೇ ಹೋಗಬೇಕಾಗುತ್ತದೆ.