ಫೌಂಟೇನ್ ಪೆನ್ ಇಂಕು ಹೋಲಿಸಿ ನೋಡೋಕೆ ನೀವೆಲ್ಲ ಯಾವ ಪೇಪರ್ ಬಳಸ್ತೀರಾ?

ಸಣ್ಣ ಸಣ್ಣ ಸ್ಯಾಂಪಲ್ ಬಾಟ್ಲಿಗಳು ಸೇರಿ ಇಪ್ಪತ್ತು ದಾಟಿವೆ. ಎಲ್ಲಾನೂ ಒಂದ್ಕಡೆ ಬರ್ದು ಪಕ್ಕಪಕ್ಕ ಇಟ್ಟು ನೋಡಿ, ಮುಂದೆ ಯಾವ್ದರ ದೊಡ್ಡ ಬಾಟ್ಲು ತಗೋಬೇಕು ಅಂತ ತೀರ್ಮಾನ ಮಾಡೋಣ ಅಂತಿದ್ದೀನಿ. ತೊಂದ್ರೆ ಏನಂದ್ರೆ ಒಂದೇ ನೀಲಿ ಇಂಕು ಪ್ರಿಂಟರ್ ಪೇಪರ್ ಮೇಲೆ ಮಂಕಾಗಿ ಕಾಣತ್ತೆ, ಒಳ್ಳೇ ನೋಟ್‌ಬುಕ್ಕಲ್ಲಿ ಬರದ್ರೆ ಇದು ಅದೇ ಇಂಕಾ ಅನ್ಸತ್ತೆ. ಯಾವ್ದನ್ನ ನಂಬ್ಲಿ? ಅನುಭವ ಇರೋರು ದಯವಿಟ್ಟು ಹೇಳಿ.

—

ಎರಡನ್ನೂ ನಂಬಿ, ಎರಡೂ ನಿಜಾನೇ. ಬಟ್ಟೆಗೆ ಗಂಜಿ ಹಾಕ್ತೀವಲ್ಲ, ಪೇಪರ್‌ಗೂ ಹಾಗೇನೇ, ತಯಾರಿಸುವಾಗ ಗಂಜಿ ಥರದ ಪದಾರ್ಥ ಹಾಕಿರ್ತಾರೆ, ನೀರು ಬೇಗ ಹೀರ್ಕೋಬಾರ್ದು ಅಂತ. ಅದಕ್ಕೆ ಸೈಜಿಂಗ್ ಅಂತಾರೆ. ಅದು ಚೆನ್ನಾಗಿದ್ರೆ ಇಂಕು ಮೇಲ್ಗಡೆನೇ ನಿಂತು ನಿಧಾನಕ್ಕೆ ಒಣಗತ್ತೆ, ಬಣ್ಣ ಎದ್ದು ಕಾಣತ್ತೆ. ಕಮ್ಮಿ ಇದ್ರೆ ಇಂಕು ನಾರಿನೊಳಗೆ ಇಳಿದು ಅಕ್ಷರದ ಅಂಚಲ್ಲಿ ಬೇರು ಬಿಟ್ಟ ಹಾಗೆ ಹರಡತ್ತೆ, ಬಣ್ಣನೂ ಸತ್ತುಹೋಗತ್ತೆ.

ನಾನು ಮಾಡೋದು ಇಷ್ಟೇ. ಒಂದು ನುಣುಪು ಹಾಳೆಯ ರೋಡಿಯಾ ಕಂಪ್ನಿ ಪ್ಯಾಡು (80 ಜಿಎಸ್ಎಂ), ಒಂದು ಮಾಮೂಲಿ ಪ್ರಿಂಟರ್ ಪೇಪರ್ ಕಟ್ಟು. ಎಲ್ಲ ಇಂಕನ್ನೂ ಈ ಎರಡರ ಮೇಲೂ ಬರೀತೀನಿ. ಮೊದಲ್ನೇದು ಇಂಕಿನ ಗುಣ ತೋರಿಸತ್ತೆ, ಎರಡನೇದು ನನ್ನ ದಿನನಿತ್ಯದ ಹಣೆಬರಹ ತೋರಿಸತ್ತೆ. ಎರಡರಲ್ಲೂ ಪಾಸಾದ್ರೆ ಮಾತ್ರ ದೊಡ್ಡ ಬಾಟ್ಲು.

ಒಂದು ವಿಷ್ಯ, ಜಿಎಸ್ಎಂ ಜಾಸ್ತಿ ಇದ್ರೆ ಪೇಪರ್ ಒಳ್ಳೇದು ಅಂತ ಅನ್ಕೋಬೇಡಿ. ಅದು ಬರೀ ತೂಕ, ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ಅಂತ. ನಾನು ದಪ್ಪ ಪೇಪರ್ ಇದೆ, ರಟ್ಟಿನ ಮೇಲೆ ಫೌಂಟೇನ್ ಪೆನ್ನಿಗೆ ಸೂಕ್ತ ಅಂತ ಬೇರೆ ಬರ್ದಿದೆ ಅಂತ ಒಂದು ನೋಟ್‌ಬುಕ್ ತಗೊಂಡು ಮೋಸ ಹೋದೆ. ಮೊದಲ ಪುಟದಲ್ಲೇ ಇಂಕು ಹಿಂದ್ಗಡೆಗೆ ಇಳೀತು. ಈಗ ಅದು ಸಾಮಾನಿನ ಲಿಸ್ಟ್ ಬರೆಯೋಕೆ, ಅದೂ ಪೆನ್ಸಿಲ್ಲಲ್ಲಿ.

—

ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಶೀನ್ (ಓರೆ ಮಾಡಿದ್ರೆ ಕಾಣೋ ಇನ್ನೊಂದು ಬಣ್ಣದ ಹೊಳಪು) ಇರೋ ಇಂಕಿಗೆ ರೋಡಿಯಾ ಸಾಲಲ್ಲ ಅಂತ ನನ್ನ ಅಭಿಪ್ರಾಯ. ಟೊಮೊಎ ರಿವರ್ ಅನ್ನೋ ಜಪಾನಿನ ತೆಳು ಪೇಪರ್ ಒಂದು ಸಲ ನೋಡಿ. 52 ಜಿಎಸ್ಎಂ ಅಂದ್ರೆ ಈರುಳ್ಳಿ ಸಿಪ್ಪೆ ಥರ ಇರತ್ತೆ, ಹಿಂದ್ಗಡೆ ಬರ್ದಿದ್ದೆಲ್ಲ ನೆರಳಾಗಿ ಕಾಣತ್ತೆ, ಆದ್ರೂ ಇಂಕು ತೂರಿ ಹೋಗಲ್ಲ. ಆರ್ಗ್ಯಾನಿಕ್ಸ್ ಸ್ಟುಡಿಯೋದ ನೈಟ್ರೋಜನ್ ಅಂತ ಒಂದು ನೀಲಿ ಇದೆ, ಪ್ರಿಂಟರ್ ಪೇಪರ್ ಮೇಲೆ ಬರೀ ನೀಲಿ. ಟೊಮೊಎ ಮೇಲೆ ಬರ್ದು ದೀಪಕ್ಕೆ ಸ್ವಲ್ಪ ಓರೆ ಮಾಡಿ ಹಿಡೀರಿ, ರೇಷ್ಮೆ ಸೀರೆ ಮಡಿಕೆ ತಿರುಗಿಸಿದ್ರೆ ಇನ್ನೊಂದು ಬಣ್ಣ ಹೊಳೆಯತ್ತಲ್ಲ ಹಾಗೆ ಕೆಂಪು ಹೊಳಪು ಎದ್ದು ಬರತ್ತೆ. ಬಣ್ಣ ಒಳಗಿಳೀದೆ ಮೇಲೇ ಪದರವಾಗಿ ಒಣಗೋದ್ರಿಂದ ಹಾಗೆ.

ಮೊದಲು ಈ ಪೇಪರ್ ಮಾಡ್ತಿದ್ದ ಟೊಮೊಎಗಾವಾ ಕಂಪ್ನಿ ಅದನ್ನ ನಿಲ್ಲಿಸ್ತು, ಈಗ ಬರೋದು ಸ್ಯಾನ್‌ಜೆನ್ ಕಂಪ್ನಿದು. ಹಾಗಾಗಿ ಯಾರಾದ್ರೂ ಟೊಮೊಎ ಮೇಲೆ ಹೀಗೆ ಬಂತು ಅಂತ ಹಳೇ ಫೋಟೋ ತೋರಿಸಿದ್ರೆ ಯಾವ್ದು ಅಂತ ಕೇಳಿ.

—

ಶೀನ್ ನೋಡೋಕೆ ಚೆಂದ, ಆದ್ರೆ ಒಣಗೋ ಟೈಮ್ ಬಗ್ಗೆ ಯಾರೂ ಹೇಳ್ಲಿಲ್ವಲ್ಲ! ನಾನು ಎಡಗೈಲಿ ಬರೆಯೋಳು, ಬರ್ದಿದ್ದನ್ನೆಲ್ಲ ಕೈಯೇ ಒರೆಸ್ಕೊಂಡು ಹೋಗತ್ತೆ. ಅದಕ್ಕೆ ಪ್ರತಿ ಇಂಕಲ್ಲೂ ಒಂದೇ ಥರದ ಐದು ಗೆರೆ ಎಳೀತೀನಿ, 5 ಸೆಕೆಂಡಿಗೆ ಒಂದನ್ನ, 10ಕ್ಕೆ ಇನ್ನೊಂದನ್ನ, ಹೀಗೆ 25ರ ತನಕ ಬೆರಳಲ್ಲಿ ಉಜ್ಜಿ ನೋಡ್ತೀನಿ. ಪ್ರಿಂಟರ್ ಪೇಪರ್ ಮೇಲೆ 10ಕ್ಕೇ ಒಣಗೋ ಇಂಕು ನುಣುಪು ಪೇಪರ್ ಮೇಲೆ 25ಕ್ಕೂ ಬಾಲ ಬಿಡತ್ತೆ. ನನ್ನಂಥೋರಿಗೆ ಇಂಕು ಬೇಗ ಹೀರ್ಕೊಳ್ಳೋ ಪೇಪರೇ ಗತಿ, ಬಣ್ಣ ಸ್ವಲ್ಪ ಮಂಕಾದ್ರೆ ಆಗ್ಲಿ ಬಿಡಿ.

—

ಪೇಪರ್ ಜೊತೆ ಪೆನ್ನೂ ಬದಲಾಯಿಸ್ತಾ ಹೋದ್ರೆ ಏನೂ ಗೊತ್ತಾಗಲ್ಲ. ನಾನು ಹಾಗೇ ಮಾಡಿ ಒಂದು ಪುಸ್ತಕ ಪೂರ್ತಿ ಹಾಳು ಮಾಡ್ದೆ, ಒಂದು ಇಂಕು ಬ್ರಾಡ್ ನಿಬ್ಬಲ್ಲಿ, ಇನ್ನೊಂದು ಫೈನಲ್ಲಿ, ಬ್ರಾಡಲ್ಲಿ ಜಾಸ್ತಿ ಇಂಕು ಸುರಿಯೋದ್ರಿಂದ ಅದು ಗಾಢವಾಗಿ ಬಂತು, ನಾನೋ ಆಹಾ ಎಂಥ ಇಂಕು ಅಂತ ಖುಷಿಪಟ್ಕೊಂಡೆ. ಈಗ ಒಂದೇ ಗಾಜಿನ ಡಿಪ್ ಪೆನ್, ಅದ್ದು, ಬರಿ, ನೀರಲ್ಲಾಡಿಸಿ ಒರೆಸು, ಮುಂದಿನ ಇಂಕು. ಆದ್ರೆ ಅದು ಪೆನ್ನಿಗಿಂತ ಜಾಸ್ತಿ ಇಂಕು ಬಿಡತ್ತೆ, ಹಾಗಾಗಿ ಕೊನೇ ಇಬ್ಬರು ಮೂವರು ಅಭ್ಯರ್ಥಿಗಳನ್ನ ನೀವು ದಿನಾ ಬರೆಯೋ ಪೆನ್ನಿಗೇ ತುಂಬಿ ನೋಡಿ.

ಕೈ ಇಟ್ಟ ಜಾಗದಲ್ಲಿ ಬೆವರು, ಎಣ್ಣೆ ಅಂಟಿ ಇಂಕು ಹಿಡಿಯಲ್ಲ, ಅಕ್ಷರ ಅರ್ಧಂಬರ್ಧ ಬರತ್ತೆ. ನುಣುಪು ಪೇಪರ್ ಮೇಲೆ ಇದು ಜಾಸ್ತಿ. ಕೈ ಕೆಳಗೆ ಒಂದು ಹಾಳೆ ಇಟ್ಕೊಳ್ಳಿ, ಸುಮ್ನೆ ಇಂಕನ್ನ ಬೈಬೇಡಿ.

—

ಬಣ್ಣ ಹೋಲಿಸೋದಾದ್ರೆ ಪೇಪರಿನ ಬಣ್ಣನೂ ನೋಡ್ಕೊಳ್ಳಿ. ಕೆನೆ ಬಣ್ಣದ ಹಾಳೆ ಮೇಲೆ ನೀಲಿ ಸ್ವಲ್ಪ ಹಸಿರಿಗೆ ತಿರುಗಿದ ಹಾಗೆ ಕಾಣತ್ತೆ. ಬೆಳ್ಳಗೆ ಹೊಳೆಯೋ ಪ್ರಿಂಟರ್ ಪೇಪರಲ್ಲಿ ಬಿಳುಪು ಹೆಚ್ಚಿಸೋ ಕೆಮಿಕಲ್ ಇರತ್ತೆ, ಬಿಸಿಲಲ್ಲಿ ಆ ಹಾಳೆನೇ ನೀಲಿ ನೀಲಿ ಹೊಡೆಯತ್ತೆ. ಅದಕ್ಕೇ ಎಲ್ಲ ಇಂಕೂ ಒಂದೇ ಕಟ್ಟಿನ ಹಾಳೆ ಮೇಲೆ, ಒಂದೇ ಬೆಳಕಲ್ಲಿ.

—

ಕೇಳಿದವನು ಮತ್ತೆ ಬಂದೆ. ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಎರಡೂ ಪೇಪರ್ ಮೇಲೆ ಎಲ್ಲ ಬರ್ದೆ. ನಾನು ಬೇರೆ ಬೇರೆ ಅಂತ ಜೋಪಾನ ಮಾಡಿದ್ದ ಮೂರು ನೀಲಿ ಪ್ರಿಂಟರ್ ಪೇಪರ್ ಮೇಲೆ ಒಂದೇ ತಾಯಿ ಮಕ್ಕಳು! ಇನ್ನೊಂದು ಡೌಟು, ಒಂದು ನೀಲಿಗಪ್ಪು ಐರನ್ ಗಾಲ್ (ಕಬ್ಬಿಣದ ಲವಣ ಇರೋ ಹಳೇ ಕಾಲದ ಥರದ) ಇಂಕು ತೀರಾ ತೆಳುವಾಗಿ ಬಂತು, ಪೇಪರ್ ಸರಿ ಇಲ್ವಾ?

—

ಪೇಪರ್ ಸರಿಯಾಗೇ ಇದೆ. ಐರನ್ ಗಾಲ್ ಗಾಳಿಗೆ ಒಡ್ಕೊಂಡ ಮೇಲೆ ನಿಧಾನಕ್ಕೆ ಕಪ್ಪಗಾಗತ್ತೆ. ಪಕ್ಕದಲ್ಲಿ ತಾರೀಕು, ಟೈಮು ಬರ್ದಿಡಿ, ನಾಳೆ ಅದರ ಕೆಳಗೇ ಇನ್ನೊಂದು ಗೆರೆ ಎಳ್ದು ನಿನ್ನೆದರ ಜೊತೆ ನೋಡಿ.