ಮನೆಯ ಏರು ಹತ್ತುವ ಕಾರು ಯಾವುದು? ನಿಮ್ಮ ನಿಮ್ಮ ಗಾಡಿಯ ಅನುಭವ ಹೇಳಿ ಮಾರಾಯ್ರೆ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ, ಕರ್ನಾಟಕದ ಗಡಿ ಹತ್ರದಿಂದ ಕೇಳ್ತಾ ಇದ್ದೇನೆ:

ನಮ್ಮದು ಗುಡ್ಡೆ ಮೇಲಿನ ಮನೆ. ಡಾಮರು ಮಾರ್ಗದಿಂದ ಅಂಗಳದವರೆಗೆ ಒಂದು 200 ಮೀಟರ್ ಮುರಮಣ್ಣಿನ ಏರು, ನಡುವಲ್ಲಿ ಒಂದು ಗಟ್ಟಿ ತಿರ್ಗಾಸು, ಜೂನಿಂದ ಅಕ್ಟೋಬರ್ ತನಕ ಅಲ್ಲಿ ಪಾಚಿಯೂ ಉಂಟು ಕೆಸರೂ ಉಂಟು. ಈಗ ಇರುದು 2003ರ ಮಾರುತಿ 800, 15 ವರ್ಷ ಆದ ಮೇಲೆ 2018ರಲ್ಲಿ ಒಮ್ಮೆ ಆರ್‌ಸಿ ರಿನ್ಯೂ ಮಾಡಿಸಿದ್ದು, 2023ರಲ್ಲಿ ಮತ್ತೊಮ್ಮೆ, ಇನ್ನು 2028ಕ್ಕೆ ಪುನಃ ಅದೇ ಕತೆ. ಅಪ್ಪನಿಗೆ ಅದನ್ನು ಕೊಡ್ಲಿಕ್ಕೆ ಮನಸ್ಸಿಲ್ಲ, ಅಮ್ಮನಿಗೆ ಮೊಣಗಂಟು ನೋವು ಹಾಗಾಗಿ ಕಾರು ಅಂಗಳಕ್ಕೇ ಬರ್ಬೇಕು, ಹೆಂಡ್ತಿಗೆ ಕ್ಲಚ್ ಇಲ್ಲದ್ದು ಬೇಕಂತೆ, ನನಗೆ ಗೇರು ಹಾಕಿ ಓಡಿಸಿದ್ರೇ ಓಡಿಸಿದ ಹಾಗೆ ಆಗುದು. ವಾರಕ್ಕೊಮ್ಮೆ ವಿಟ್ಲ ಕಲ್ಲಡ್ಕ ಆಗಿ ಮಂಗಳೂರು. 8 ಲಕ್ಷದ ಒಳಗೆ. ಯೂಟ್ಯೂಬಲ್ಲಿ ನೋಡಿ ನೋಡಿ ತಲೆ ಹಾಳಾಯ್ತು, ಅಲ್ಲಿ ಎಲ್ಲರೂ ದೊಡ್ಡ ಹೈವೇಯಲ್ಲಿ ಓಡಿಸ್ತಾರೆ, ನಮ್ಮಂಥ ಏರಿಗೆ ಯಾರೂ ತರುದಿಲ್ಲ. ನೀವು ಎಂತ ಇಟ್ಟುಕೊಂಡಿದ್ದೀರಿ, ಹೇಗೆ ಓಡಿಸ್ತೀರಿ?

ಮುಳ್ಳೇರಿಯ ಕಡೆಯಿಂದ:

ನಗ್ಬೇಡಿ, ನಮ್ಮಲ್ಲಿ ಇರುದು ಎಂಎಂ 540 ಜೀಪು, ಪ್ಯೂಜೋ ಎಂಜಿನಿಂದು. ಎಸಿ ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ, ಮಳೆ ಬಂದ್ರೆ ಟರ್ಪಾಲಿನ ಸೈಡಿಂದ ನೀರು ಹೊಡ್ದು ಎಡಗಡೆ ಕೂತವನ ಲುಂಗಿ ಪೂರಾ ಚಂಡಿ. ಆದ್ರೆ ತೋಟಕ್ಕೆ ಮದ್ದು ಬಿಡುವ ಸಮಯದಲ್ಲಿ ಡ್ರಮ್ಮು, ಮೈಲುತುತ್ತು, ಸುಣ್ಣ, ಪೈಪು ಎಲ್ಲ ತುಂಬಿಸಿ ಗುಡ್ಡೆ ಹತ್ತುದು ಇದೊಂದೇ. ಮುಂದಿನ ಎರಡು ಚಕ್ರದ ಹಬ್ಬು ಇಳಿದು ಕೈಯಲ್ಲೇ ತಿರ್ಗಿಸಿ ಲಾಕ್ ಮಾಡ್ಬೇಕು, ಮತ್ತೆ ಒಳಗೆ ಕೂತು ಸಣ್ಣ ಲಿವರ್ ಎಳೆದು ಲೋ, ಅಂದ್ರೆ ನಾಲ್ಕೂ ಚಕ್ರ ನಿಧಾನಕ್ಕೆ ಜೋರಲ್ಲಿ ಎಳೆಯುವ ಗೇರು, ಹಾಕಿದ್ರೆ ಆಕ್ಸಿಲೇಟರ್ ಒತ್ತದೆಯೇ ಆಮೆ ಹಾಗೆ ಹತ್ತಿಕೊಂಡು ಹೋಗ್ತದೆ. ನಿಮಗೆ ಇದು ತೆಗೀರಿ ಅಂತ ಹೇಳುದಿಲ್ಲ, ಅಮ್ಮನ ಮೊಣಗಂಟಿಗೆ ಜೀಪು ಆಗುದೇ ಇಲ್ಲ, ನಮ್ಮ ಅಮ್ಮ ಮೆಟ್ಟುಕಲ್ಲು ಇಟ್ಟು ಹತ್ತುದು.

ಹೇಳ್ಬೇಕಾದ್ದು ಒಂದೇ. ಹಿಂದಿನ ಚಕ್ರ ಎಳೆಯುವ ಗಾಡಿಗೆ ಭಾರ ಹಾಕಿದಷ್ಟೂ ಹಿಡಿತ ಬರ್ತದೆ. ಹಿಂದೆ ನಮ್ಮಲ್ಲಿ ಒಂದು ಓಮ್ನಿ ಇತ್ತು, ಖಾಲಿ ಹೋದ್ರೆ ತಿರ್ಗಾಸಲ್ಲಿ ಚಕ್ರ ಸುಮ್ಮನೆ ತಿರ್ಗುದು, ಹಿಂದೆ ಎರಡು ಗೋಣಿ ಅಡಿಕೆ ಇದ್ರೆ ಹತ್ತಿಯೇ ಹತ್ತುದು. ನಿಮ್ಮ ಬಜೆಟಿಗೆ ಹಿಂದಿನ ಚಕ್ರದ್ದು ಅಂದ್ರೆ ಈಕೋ ಬರ್ತದೆ, ಬೊಲೆರೊ ಹೊಸತಾದ್ರೆ ಟ್ಯಾಕ್ಸ್ ಇನ್ಶೂರೆನ್ಸ್ ಎಲ್ಲ ಸೇರಿ ಬರುದಿಲ್ಲ.

ಉಪ್ಪಳದಿಂದ:

ಯಾವುದೂ ತೆಗೀರಿ, ಅಡಿ ತೊಳೀರಿ. ನಮಗೆ ಇಲ್ಲಿ ಸಮುದ್ರದ ಗಾಳಿ, ನಿಮಗೆ ಅಲ್ಲಿ ಕೆಂಪು ಮಣ್ಣು, ಎರಡೂ ತುಕ್ಕಿಗೆ ಸಮ. ಮೇಲೆ ಪಾಲಿಶ್ ಹಾಕಿ ಹೊಳಿಸ್ತಾರೆ, ಅಡಿಗೆ ಬಗ್ಗಿ ನೋಡುವವ ಇಲ್ಲ.

ಬದಿಯಡ್ಕದಿಂದ, ಟೀಚರ್:

ಪೆರ್ಲದ ಅಣ್ಣಾ, ನಿಮ್ಮ ಹೆಂಡ್ತಿ ಹೇಳಿದ್ದು ಸರಿ ಉಂಟು, ಅದನ್ನು ಸುಲಭದಲ್ಲಿ ತಳ್ಳಿ ಹಾಕ್ಬೇಡಿ. ನಾನು ಐದು ವರ್ಷದಿಂದ ಎಎಂಟಿ, ಅಂದ್ರೆ ಕ್ಲಚ್ ಪೆಡಲ್ ಇಲ್ಲದೆ ಗೇರು ತನ್ನಷ್ಟಕ್ಕೇ ಬದಲುವ ಗಾಡಿ, ಓಡಿಸುದು. ದಿನಾ ಕುಂಬಳೆಗೆ ಹೋಗಿ ಬರುದು, ಹೈವೇ ಕೆಲಸ ನಡೀವಾಗ ಸರ್ವೀಸ್ ರೋಡಲ್ಲಿ ಇರುವೆ ಸಾಲಿನ ಹಾಗೆ ಹೋಗುವಾಗ ಎಡಕಾಲಿಗೆ ಕೆಲಸ ಇಲ್ಲದ್ದು ಎಷ್ಟು ಸುಖ ಅಂತ ಗೇರು ಗೇರು ಹೇಳುವ ಗಂಡಸರಿಗೆ ಗೊತ್ತಾಗುದಿಲ್ಲ.

ಆದ್ರೆ ಏರಿನ ವಿಷಯ ಬಂದ್ರೆ ಸುಳ್ಳು ಹೇಳುದಿಲ್ಲ. ತೆಗೆದ ಹೊಸತರಲ್ಲಿ ತವರುಮನೆಯ ಏರಲ್ಲಿ ಎದುರು ದನ ಅಡ್ಡ ಬಂತು, ನಿಲ್ಲಿಸಿದೆ, ಬ್ರೇಕಿಂದ ಕಾಲು ತೆಗ್ದದ್ದೇ ಗಾಡಿ ಹಿಂದೆ ಹೋಯ್ತು, ಗಾಬರಿಯಲ್ಲಿ ಆಕ್ಸಿಲೇಟರ್ ಒತ್ತಿ ಹಿಡಿದೆ, ಮತ್ತೆ ಬ್ರೇಕ್, ಮತ್ತೆ ಆಕ್ಸಿಲೇಟರ್, ನಾಲ್ಕನೇ ಸಲಕ್ಕೆ ಸುಟ್ಟ ವಾಸನೆ ಬಂದು ಮಗಳು ಅಮ್ಮಾ ಎಂತದೋ ಕರ್ಂಚಿದೆ ಅಂತ ಹೇಳಿದ್ಲು. ಯಾವ ಕಂಪೆನಿ ಅಂತ ಕೇಳ್ಬೇಡಿ, ತಪ್ಪು ಅರ್ಧ ನಂದೇ. ಎಎಂಟಿ ಅಂದ್ರೆ ಒಳಗೆ ಇರುದು ಮಾಮೂಲಿ ಕ್ಲಚ್ಚೇ, ಒತ್ತುದು ನಮ್ಮ ಕಾಲಲ್ಲ, ಒಂದು ಮೋಟರು ಅಷ್ಟೆ. ಏರಲ್ಲಿ ನಿಂತು ಆಕ್ಸಿಲೇಟರಲ್ಲೇ ಹಿಡಿದುಕೊಂಡ್ರೆ ಹಾಫ್ ಕ್ಲಚ್ ಹಿಡಿದ ಹಾಗೇ ಬಿಸಿ ಆಗ್ತದೆ.

ಈಗ ನಾನು ಮಾಡುದು, ಏರು ಸುರು ಆಗುವ ಮೊದಲೇ ಲಿವರ್ ಮ್ಯಾನುವಲಿಗೆ ತಂದು ಫಸ್ಟಿಗೆ ಹಾಕಿ, ಎದುರು ಗಾಡಿ ಇಲ್ಲ ಅಂತ ಕೆಳಗಿಂದಲೇ ನೋಡಿ, ನಿಲ್ಲಿಸದೆ ಒಂದೇ ಸಮ ಹತ್ತಿಸುದು. ನಿಲ್ಲಲೇಬೇಕಾದ್ರೆ ಹ್ಯಾಂಡ್‌ಬ್ರೇಕ್. ಹಿಲ್ ಹೋಲ್ಡ್, ಅಂದ್ರೆ ಏರಲ್ಲಿ ಬ್ರೇಕ್ ಬಿಟ್ರೂ ಗಾಡಿ ಹಿಂದೆ ಹೋಗದ ಹಾಗೆ ಹಿಡಿಯುವ ವ್ಯವಸ್ಥೆ, ಇರುವ ಮಾಡೆಲೇ ತೆಗೀರಿ, ಅದು ಹಿಡಿದುಕೊಳ್ಳುದು ಎರಡು ಸೆಕೆಂಡು ಆದ್ರೂ ಆ ಎರಡು ಸೆಕೆಂಡು ದೊಡ್ಡದು.

ಪೆರ್ಲದಿಂದ:

ಥ್ಯಾಂಕ್ಸ್ ಅಕ್ಕಾ, ಇದನ್ನು ಮನೆಯಲ್ಲಿ ಓದಿ ಹೇಳಿದೆ, ನೋಡಿ ಅಂತ ನನ್ನ ಮುಖಕ್ಕೇ ಬಂತು.

ಒಂದು ವಿಷಯ ಹೇಳ್ಲಿಕ್ಕೆ ಬಿಟ್ಟುಹೋಯ್ತು. ನಮ್ಮ 800 ಮಳೆಗಾಲದಲ್ಲಿ ಏರು ಹತ್ತುದು ರಿವರ್ಸಲ್ಲಿ. ತಮಾಷೆ ಅಲ್ಲ. ಅಪ್ಪ ಡಾಮರು ಮಾರ್ಗದಲ್ಲೇ ತಿರ್ಗಿಸಿ, ಕುತ್ತಿಗೆ ಹಿಂದೆ ಮಾಡಿ, ಎಡಗೈ ಪಕ್ಕದ ಸೀಟಿನ ಬೆನ್ನಿಗೆ ಇಟ್ಟು ಒಂದೇ ದಮ್ಮಿಗೆ ಅಂಗಳಕ್ಕೆ ತಂದು ನಿಲ್ಲಿಸ್ತಾರೆ. ಎದುರು ಮುಖ ಮಾಡಿ ಹೋದ್ರೆ ತಿರ್ಗಾಸಿನ ಹತ್ರ ಚಕ್ರ ತಿರ್ಗಿ ನಿಲ್ತದೆ. ಮದುವೆ ಆದ ಹೊಸತರಲ್ಲಿ ಮಾವ ಬಂದಿದ್ರು, ಅವರು ಇಡೀ ದಾರಿ ಕಣ್ಣು ಮುಚ್ಚಿ ಕೂತದ್ದು. ಇದು ಯಾಕೆ ಹೀಗೆ?

ನೀರ್ಚಾಲಿನಿಂದ:

ಭಾವಾ, ನಿಮ್ಮ ಅಪ್ಪನಿಗೆ ಒಂದು ದೊಡ್ಡ ನಮಸ್ಕಾರ. 800 ಮುಂದಿನ ಚಕ್ರ ಎಳೆಯುವ ಗಾಡಿ. ಏರಲ್ಲಿ ಭಾರ ಪೂರಾ ತಗ್ಗಿನ ಕಡೆಗೆ ಬೀಳ್ತದೆ. ಮೇಲ್ಮುಖ ಹೋದ್ರೆ ತಗ್ಗಲ್ಲಿ ಇರುದು ಹಿಂದಿನ ಚಕ್ರ, ಎಳೆಯಬೇಕಾದ ಮುಂದಿನ ಚಕ್ರ ಹಗುರ ಆಗಿ ಜಾರ್ತದೆ, ಅದರ ಮೇಲೆ ಡಿಕ್ಕಿಯಲ್ಲಿ ಗೋಣಿ ಇದ್ರಂತೂ ಮುಗೀತು. ರಿವರ್ಸ್ ಹೋದ್ರೆ ಎಳೆಯುವ ಚಕ್ರ ತಗ್ಗಿನ ಕಡೆ, ಎಂಜಿನಿನ ಭಾರ ಅದರ ಮೇಲೆಯೇ, ಹಿಡಿತ ಬರ್ತದೆ. ಮುಳ್ಳೇರಿಯದವರು ಹೇಳಿದ ಓಮ್ನಿ ಕತೆಯೂ ಇದೇ ಲೆಕ್ಕ, ಉಲ್ಟಾ ಅಷ್ಟೆ.

ಹಾಗಾಗಿ ಒಂದು ಮಾತು. 8 ಲಕ್ಷದ ಒಳಗೆ ನಿಮಗೆ ಸಿಕ್ಕುವ ಕಾರು ಈಕೋ ಬಿಟ್ರೆ ಹೆಚ್ಚುಕಮ್ಮಿ ಎಲ್ಲ ಮುಂದಿನ ಚಕ್ರದ್ದೇ. ಮುಖ ಎಸ್‌ಯುವಿ ಹಾಗೆ ಮಾಡಿದ್ರೂ ಎಳೆಯುದು ಮುಂದಿನ ಎರಡೇ ಚಕ್ರ. ಹೆಸರಿಗೆ ಮರುಳಾಗ್ಬೇಡಿ. ಗ್ರೌಂಡ್ ಕ್ಲಿಯರೆನ್ಸ್ ಬೇರೆ ವಿಷಯ, ಅದು ಹೊಟ್ಟೆ ತಾಗದ ಹಾಗೆ ನೋಡಿಕೊಳ್ತದೆ, ಹತ್ತಿಸುದಿಲ್ಲ. ಟಾಟಾದ ಪಂಚಿಗೆ 2021ರಲ್ಲಿ ಬಂದಾಗ 187 ಮಿಲಿಮೀಟರ್, ಮಾರುತಿಯ ಸ್ವಿಫ್ಟಿಗೆ 163. ಆ ಲೆಕ್ಕ ಖಾಲಿ ಗಾಡಿಗೋ ಐದು ಜನ ಕೂತಾಗಲೋ ಅಂತ ಕೇಳಿ. ಮತ್ತೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಉದ್ದ ಜಾಸ್ತಿ ಇದ್ದಷ್ಟೂ ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ಕೂರುದು. ನನ್ನ ಹಳೇ ಸೆಡಾನ್ ನಮ್ಮ ಗೇಟಿನ ಹಂಪಲ್ಲಿ ದಿನಾ ಒಂದು ಸಲ ಕಿರ್ರ್ ಅಂತ ಹೇಳಿಯೇ ಒಳಗೆ ಬರುದು, ಹೆಂಡ್ತಿಗೆ ನಾನು ಬಂದದ್ದು ಗೊತ್ತಾಗುದೇ ಹಾಗೆ.

ಬಾಯಾರಿನಿಂದ:

ಏರು ಅಂತ ಓದಿದ ಕೂಡ್ಲೇ ಕೈ ತುರಿಸ್ತು. ನಂದು ಜಿಮ್ನಿ, 2023ರಲ್ಲಿ ಬಂದಾಗಲೇ ತೆಗ್ದದ್ದು. 1462 ಸಿಸಿ ಪೆಟ್ರೋಲ್, ಮ್ಯಾನುವಲ್, 210 ಮಿಲಿಮೀಟರ್ ಎತ್ತರ, ಮುಳ್ಳೇರಿಯದವರು ಹೇಳಿದ ಲೋ ಹಾಗಿನ 4ಎಲ್ ಗೇರು ಉಂಟು. ನಿಮ್ಮ ಬಜೆಟ್ಟಿಗೆ ಬರುದಿಲ್ಲ ಗೊತ್ತುಂಟು, ಆದ್ರೂ ಹೇಳ್ತೇನೆ, ಯಾಕಂದ್ರೆ ನೀವು ಹೇಗೆ ಓಡಿಸ್ತೀರಿ ಅಂತಲೂ ಕೇಳಿದ್ದೀರಿ. ನನಗೆ 80ರ ಮೇಲೆ ಹೋಗುವ ಆಸೆಯೇ ಇಲ್ಲ. ಉಪ್ಪಳದಿಂದ ಬಾಯಾರು ಕನ್ಯಾನ ಆ ಮಾರ್ಗದಲ್ಲಿ ಬೆಳಗ್ಗೆ ಆರಕ್ಕೆ, ಗ್ಲಾಸು ಇಳಿಸಿ, ಮೂರನೇ ಗೇರಲ್ಲಿ ತಿರ್ಗಾಸಿಂದ ತಿರ್ಗಾಸಿಗೆ ಬ್ರೇಕ್ ಮುಟ್ಟದೆ ಹೋಗ್ಲಿಕ್ಕೆ ಆದ್ರೆ ಆ ದಿನ ಒಳ್ಳೇದು. ನನ್ನ ಫ್ರೆಂಡ್ಸ್ ಥಾರ್ ತೆಗ್ದು ಮಾಲಿಗೆ ಹೋಗ್ತಾರೆ, ಫೋರ್ ವೀಲ್ ಲಿವರಿನ ಪ್ಲಾಸ್ಟಿಕ್ ಇನ್ನೂ ತೆಗೀಲಿಲ್ಲ. ಇರ್ಲಿ, ಅವರವರ ದುಡ್ಡು.

200 ಮೀಟರಿಗೋಸ್ಕರ ಫೋರ್ ವೀಲ್ ಬೇಡ ಅಂತಲೇ ನನ್ನ ಅಭಿಪ್ರಾಯ. ಟಯರ್ ನೋಡಿ ಮೊದ್ಲು. ಕಾನೂನಲ್ಲಿ 1.6 ಮಿಲಿಮೀಟರ್ ತನಕ ಸವೆಯಬಹುದು, ಪಾಚಿಯಲ್ಲಿ ಆ ಟಯರ್ ಸಾಬೂನು.

ಕುಂಬಳೆಯಿಂದ:

ನಮ್ಮದು ಸಣ್ಣ ಇವಿ, 24 ಕಿಲೋವಾಟ್ ಅವರಿನ ಬ್ಯಾಟರಿ. ಏರಿಗೆ ಇದರಷ್ಟು ಸಲೀಸು ಯಾವುದೂ ಇಲ್ಲ, ಗೇರೂ ಇಲ್ಲ ಕ್ಲಚ್ಚೂ ಇಲ್ಲ, ಒತ್ತಿದ ಕೂಡ್ಲೇ ಎಳೀತದೆ, ಇಳಿಯುವಾಗ ಬ್ಯಾಟರಿಗೆ ಸ್ವಲ್ಪ ವಾಪಾಸೂ ಬರ್ತದೆ. ಆದ್ರೆ ಒದ್ದೆಯಲ್ಲಿ ಕಾಲು ಮೆಲ್ಲ ಇಡ್ಬೇಕು, ಇದೂ ಮುಂದಿನ ಚಕ್ರದ್ದೇ, ಜೋರು ಒತ್ತಿದ್ರೆ ತಿರ್ಗಿಬಿಡ್ತದೆ. ರಾತ್ರಿ 15 ಆಂಪಿಯರ್ ಪ್ಲಗ್ಗಿಗೆ ಹಾಕಿದ್ರೆ ಬೆಳಗ್ಗೆಗೆ ತುಂಬ್ತದೆ. ಜುಲೈಯಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋದ್ರೆ? ಹೋಯ್ತು, ಹೋದ ವರ್ಷ ಹೋಯ್ತು, ಮನೆಯಲ್ಲಿ ಹಳೇ ಸ್ಕೂಟರ್ ಇದ್ದದ್ದಕ್ಕೆ ಬಚಾವ್. ನಿಮ್ಮಲ್ಲಿ 800 ಹೇಗೂ ಇರ್ತದೆ ಅಲ್ವಾ.

ಮಂಗಳೂರಲ್ಲಿ ಇರುವ ಎಣ್ಮಕಜೆಯವ:

ನಂದು 2014ರ ಸ್ವಿಫ್ಟ್ ಡೀಸೆಲ್, 1248 ಸಿಸಿ, ನೂರಾರು ಸಲ ಕಲ್ಲಡ್ಕ ವಿಟ್ಲ ಅಡ್ಯನಡ್ಕ ಸಾರಡ್ಕ ಆಗಿ ಊರಿಗೆ ಬಂದಿದ್ದೇನೆ. ಎಂಜಿನಿಗೆ ಗಾಳಿ ಒತ್ತಿ ತುಂಬಿಸುವ ಟರ್ಬೊ ಎದ್ದ ಮೇಲೆ ಅದರ ಎಳೆತ ನೋಡ್ಬೇಕು, ಏಳುವ ತನಕ ಸೆಕೆಂಡ್ ಗೇರಲ್ಲಿ ಹಟ ಮಾಡ್ಬೇಡಿ, ಫಸ್ಟಿಗೆ ಹಾಕಿ. 2020ರ ಏಪ್ರಿಲ್‌ನಿಂದ ಮಾರುತಿಯವರು ಡೀಸೆಲೇ ನಿಲ್ಲಿಸಿದ್ರು, ಇನ್ನು ಬೇಕಾದ್ರೆ ಸೆಕೆಂಡ್ ಹ್ಯಾಂಡೇ.

ಸೆಕೆಂಡ್ ಹ್ಯಾಂಡ್ ಅಂದ್ರೆ ಒಂದು ಜಾಗ್ರತೆ. ಗಡಿಯ ಆಚೆ ಕರ್ನಾಟಕದ ಕೆಎ 19, ಕೆಎ 21 ನಂಬ್ರದ ಗಾಡಿ ಒಳ್ಳೆ ರೇಟಿಗೆ ಉಂಟು ಅಂತ ಯಾರಾದ್ರೂ ಹೇಳ್ತಾರೆ. ಕೇರಳದಲ್ಲಿ 12 ತಿಂಗಳಿಂದ ಜಾಸ್ತಿ ಇಟ್ಟುಕೊಂಡ್ರೆ ಇಲ್ಲಿನ ನಂಬ್ರ ಮಾಡಿಸ್ಬೇಕು, ಅಲ್ಲಿಂದ ಎನ್‌ಒಸಿ ತರ್ಬೇಕು, ಇಲ್ಲಿ ಟ್ಯಾಕ್ಸ್ ಕಟ್ಬೇಕು. ಆ ಖರ್ಚು ಸೇರ್ಸಿ ನೋಡಿದ್ರೆ ಅಗ್ಗ ಅಂತ ಕಂಡದ್ದು ಅಗ್ಗ ಅಲ್ಲ. ನನ್ನ ಕಸಿನ್ ಒಬ್ಬ ಇದರಲ್ಲಿ ಆರು ತಿಂಗಳು ಎರಡು ಆಫೀಸಿಗೂ ಓಡಾಡಿದ್ದಾನೆ. ಪೆಟ್ರೋಲ್ ಮಾತ್ರ ಆಚೆ ಕಡೆಯೇ ಹಾಕಿಸಿ, ಲೀಟರಿಗೆ ಕೆಲವು ರೂಪಾಯಿ ಉಳೀತದೆ, ನಿಮಗೆ ಹೇಗೂ ದಾರಿಯೇ ಅದು.

ಪೈವಳಿಕೆಯಿಂದ:

ಎಲ್ಲರೂ ಕಾರಿನ ವಿಷಯವೇ ಹೇಳ್ತಾ ಇದ್ದೀರಿ, ಮಾರ್ಗದ ವಿಷಯ ಯಾರೂ ಹೇಳ್ಲಿಲ್ಲ. ನಮ್ಮಲ್ಲಿಯೂ ಇದೇ ಕತೆ ಇತ್ತು. ಚಕ್ರ ಹೋಗುವಲ್ಲಿ ಮಾತ್ರ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿದೆವು, ನಡುವಲ್ಲಿ ಮಣ್ಣು ಹಾಗೇ ಬಿಟ್ಟದ್ದು. ನುಣ್ಣಗೆ ಮಾಡ್ಲಿಕ್ಕೆ ಬಿಡ್ಬೇಡಿ, ಮೇಸ್ತ್ರಿಗಳಿಗೆ ನುಣ್ಣಗೆ ಮಾಡಿದ್ರೇ ಸಮಾಧಾನ. ಹಸಿ ಇರುವಾಗಲೇ ಅಡ್ಡಕ್ಕೆ ಗೀಟು ಎಳೆಸ್ಬೇಕು, ನಾವು ಕಬ್ಬಿಣದ ರಾಡಲ್ಲಿ ಎಳೆಸಿದ್ದು, ನೀರು ಆ ಗೀಟಲ್ಲಿ ಸೈಡಿಗೆ ಹೋಗ್ಬೇಕು. ಗುಡ್ಡೆ ಬದಿಗೆ ಒಂದು ಕಣಿ ಕಡೀರಿ, ಇಲ್ಲದಿದ್ರೆ ನೀರು ಪಟ್ಟಿಯ ಅಡಿಯ ಮಣ್ಣು ತೆಗ್ದು ಎರಡು ಮಳೆಗಾಲದಲ್ಲಿ ಪಟ್ಟಿ ತುಂಡಾಗ್ತದೆ. ಪಾಚಿಗೆ ಜೂನಲ್ಲೊಮ್ಮೆ ಆಗಸ್ಟಲ್ಲೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಹಿಡಿಸೂಡಿಯಲ್ಲಿ ತಿಕ್ಕುದು. ಅದಾದ ಮೇಲೆ ನಮ್ಮ ಹಳೇ ಆಲ್ಟೊ ಐದು ಜನ ಕೂತು ಹತ್ತುತ್ತದೆ.

ಪೆರ್ಲದಿಂದ, ಮೂರು ವಾರ ಕಳೆದು:

ಎಲ್ರಿಗೂ ಥ್ಯಾಂಕ್ಸ್. ಟೆಸ್ಟ್ ಡ್ರೈವ್ ಮಾಡುದಾದ್ರೆ ನಮ್ಮ ಏರಲ್ಲೇ ಅಂತ ಹಟ ಮಾಡಿದೆ. ಒಂದು ಶೋರೂಮಿನವರು ಆಗುದೇ ಇಲ್ಲ ಅಂದ್ರು, ಇನ್ನೊಂದರವರು ಒಬ್ಬ ಹುಡುಗನನ್ನು ಪಂಚ್ ಮ್ಯಾನುವಲ್ ಕೊಟ್ಟು ಕಳ್ಸಿದ್ರು. ಹಿಂದಿನ ರಾತ್ರಿ ಒಳ್ಳೆ ಮಳೆ ಬಂದಿತ್ತು. ಮೂರು ಜನ ಕೂತು ಮೇಲ್ಮುಖ ಹೋದೆವು, ತಿರ್ಗಾಸಿನ ಹತ್ರ ಚಕ್ರ ಎರಡು ಸಲ ತಿರ್ಗಿತು, ಹುಡುಗನ ಮುಖ ಬಿಳಿ ಆಯ್ತು, ಮೆಲ್ಲ ಆಕ್ಸಿಲೇಟರ್ ಬಿಟ್ಟು ಪುನಃ ಕೊಟ್ಟಾಗ ಹಿಡಿದುಕೊಂಡು ಹತ್ತಿತು. ಹೊಟ್ಟೆ ಎಲ್ಲಿಯೂ ತಾಗ್ಲಿಲ್ಲ. ಅಪ್ಪ ಅಂಗಳದಲ್ಲಿ ನಿಂತು ನೋಡ್ತಾ ಇದ್ದವರು ಕೆಳಗೆ ಬಂದು, ಕೊಡು ನೋಡುವ ಅಂತ ಹೇಳಿ ಅದನ್ನೂ ರಿವರ್ಸಲ್ಲಿ ಹತ್ತಿಸಿದ್ರು. ಸ್ಕ್ರೀನಲ್ಲಿ ಕ್ಯಾಮರಾ ಕಾಣ್ತದೆ ಅಂಕಲ್ ಅಂತ ಹುಡುಗ ಹೇಳಿದ, ಅವರು ಕುತ್ತಿಗೆ ತಿರ್ಗಿಸಿಯೇ ಬಂದದ್ದು.

ಅಮ್ಮನಿಗೆ ಸೀಟಿನ ಎತ್ತರ ಸರಿ ಆಯ್ತು, ಕೂತು ಕಾಲು ಒಳಗೆ ತೆಗೊಳ್ಳುದು ಅಷ್ಟೆ, ಬಗ್ಗುದು ಬೇಡ. ಅದೇ ಮಾಡೆಲಿನ ಎಎಂಟಿಯನ್ನು ಇದೇ ಏರಲ್ಲಿ ಹೆಂಡ್ತಿ ಓಡಿಸಿ ನೋಡ್ಬೇಕು, ಬರುವ ಶನಿವಾರ ತರ್ತಾರಂತೆ. ಅದು ನೋಡಿಯೇ ಬುಕ್ಕಿಂಗ್. ಅಷ್ಟರಲ್ಲಿ ಕಾಂಕ್ರೀಟ್ ಪಟ್ಟಿ ಮಾಡಿಸುದು ಅಂತ ಆಯ್ತು, ಮಳೆ ಬಿಟ್ಟ ಕೂಡ್ಲೇ. ಪೈವಳಿಕೆಯವರೇ, ಗೀಟು ಗೀಟಿಗೆ ಎಷ್ಟು ಅಂತರ ಬಿಟ್ಟಿದ್ದೀರಿ, ತಿರ್ಗಾಸಲ್ಲಿ ಪಟ್ಟಿ ಎಷ್ಟು ಅಗಲ ಮಾಡಿದ್ದೀರಿ, ಒಂದು ಫೋಟೋ ಹಾಕ್ತೀರಾ?