ಹಿತ್ತಲಿನ ಸೂರಕ್ಕಿ ಫೋಟೋದಲ್ಲಿ ಬರೀ ಕಪ್ಪಾಗಿ ಬರುತ್ತಿದೆ, ಏನು ಮಾಡಲಿ?

ಹಿತ್ತಲಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಡುಗೆಮನೆ ಕಿಟಕಿಯಾಚೆಗೇ ಹಿತ್ತಲು. ಅಲ್ಲಿ ದಾಸವಾಳ, ನಾಲ್ಕು ಬುಡ ಬಾಳೆ, ಒಂದು ಗಸಗಸೆ ಹಣ್ಣಿನ ಮರ, ಅದರಾಚೆ ದನದ ಕೊಟ್ಟಿಗೆ. ಬೆಳಗಾದರೆ ಸೂರಕ್ಕಿ, ಪಿಕಳಾರ, ಕುಟ್ರು, ಮಡಿವಾಳ ಹಕ್ಕಿ ಎಲ್ಲಾ ಹಾಜರ್. ಕ್ಯಾಮೆರಾ ಕ್ಯಾನನ್ 1500ಡಿ, ಜೊತೆಗೆ 55-250 ಲೆನ್ಸ್ ಇದೆ. ಹೊರಗೆ ಹೋದರೆ ಒಂದೂ ನಿಲ್ಲುವುದಿಲ್ಲ, ಅದಕ್ಕೆ ಕಿಟಕಿಯೊಳಗಿಂದಲೇ ತೆಗೆಯುತ್ತೇನೆ.

ಕಣ್ಣಿಗೆ ಸೂರಕ್ಕಿಯ ತಲೆ ಹಸಿರು, ಗಂಟಲು ನೇರಳೆ ಅಂತ ಮಿರಮಿರ ಮಿಂಚುತ್ತದೆ. ಫೋಟೋದಲ್ಲಿ ನೋಡಿದರೆ ಬರೀ ಕಪ್ಪು. ಹೊಟ್ಟೆಯ ಹಳದಿ ಕೂಡ ಮಂಕು. ಅದೂ ಅಲ್ಲದೆ ಎಲ್ಲದಕ್ಕೂ ಮಂಜು ಕವಿದಂತಿದೆ. ಲೆನ್ಸ್ ಬದಲಾಯಿಸಬೇಕಾ? ಅಷ್ಟು ದುಡ್ಡು ಈಗ ಇಲ್ಲ. ಇನ್ನೊಂದು, ಜಗಲಿಯಲ್ಲಿ ನೇತುಹಾಕಿದ ಹೂಕುಂಡದಲ್ಲಿ ಪಿಕಳಾರ ಗೂಡು ಕಟ್ಟಿದೆ, ಎಲೆ ಅಡ್ಡ ಬರುತ್ತಿದೆ. ಸ್ವಲ್ಪ ಕತ್ತರಿಸಿ ಫೋಟೋ ತೆಗೆದರೆ ತಪ್ಪಾ?

ಮಟಪಕ್ಷಿ:
ಲೆನ್ಸ್ ಸಾಕು ಮಾರಾಯ್ರೆ, ದುಡ್ಡು ಇಟ್ಟುಕೊಳ್ಳಿ. ಎರಡು ವಿಷಯ ಹೇಳಿ. ಕಿಟಕಿ ಯಾವ ದಿಕ್ಕಿಗಿದೆ? ಸೊಳ್ಳೆ ಪರದೆ ಇದೆಯಾ?

ಹಿತ್ತಲಮನೆ:
ಪೂರ್ವಕ್ಕೆ. ಪರದೆ ಇದೆ, ಅದರ ಮೂಲಕವೇ ತೆಗೆಯುವುದು. ಅದು ಫೋಟೋದಲ್ಲಿ ಕಾಣುವುದಿಲ್ಲವಲ್ಲ?

ಮಟಪಕ್ಷಿ:
ಪರದೆಯ ಗೆರೆ ಕಾಣುವುದಿಲ್ಲ, ಆದರೆ ನೀವು ಹೇಳಿದ ಮಂಜು ಅದರದ್ದೇ. ಬಿಸಿಲು ಪರದೆಗೆ ಬಿದ್ದರೆ ಇಡೀ ಫೋಟೋ ಬೆಳ್ಳಗೆ ತೇಲಿದಂತಾಗುತ್ತದೆ. ಪರದೆ ಸರಿಸಿ, ಗಾಜು ತೆರೆಯಿರಿ, ಸರಳಿನ ಸಂದಿಯಿಂದ ಲೆನ್ಸ್ ತೂರಿಸಿ. ಒಳಗಿನ ಲೈಟ್ ಆರಿಸಿ, ಹಳೇ ಸೀರೆಯನ್ನೋ ಪಂಚೆಯನ್ನೋ ಪರದೆಯಾಗಿ ಕಟ್ಟಿದರೆ ನೀವು ಅಲುಗಾಡುವುದು ಹಕ್ಕಿಗೆ ಕಾಣುವುದಿಲ್ಲ.

ಈಗ ಬಣ್ಣದ ವಿಷಯ. ಸೂರಕ್ಕಿಯ ಆ ಹಸಿರು, ನೇರಳೆ ಗರಿಗೆ ಬಳಿದ ಬಣ್ಣ ಅಲ್ಲ, ಗರಿಯೊಳಗಿನ ಸೂಕ್ಷ್ಮ ರಚನೆಗೆ ಬೆಳಕು ಬಡಿದು ವಾಪಸ್ ಬರುವಾಗ ಹುಟ್ಟುವಂಥದ್ದು. ಬೆಳಕು ನಿಮ್ಮ ಬೆನ್ನ ಕಡೆಯಿಂದ ಹೋಗಿ ಅದರ ಗಂಟಲಿಗೆ ಬಿದ್ದರೆ ಮಾತ್ರ ಹೊಳೆಯುತ್ತದೆ, ಇಲ್ಲದಿದ್ದರೆ ಎಂಥಾ ಲಕ್ಷ ರೂಪಾಯಿ ಲೆನ್ಸ್ ಹಾಕಿದರೂ ಕಪ್ಪೇ. ನೀವು ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿ ತೆಗೆಯುತ್ತಿದ್ದೀರಿ, ಅಂದರೆ ಸೂರ್ಯ ಹಕ್ಕಿಯ ಹಿಂದೆ. ಹಿಂದಿನ ಬೆಳ್ಳನೆ ಆಕಾಶ ನೋಡಿ ಕ್ಯಾಮೆರಾ ಬೆಳಕು ಇಳಿಸುತ್ತದೆ, ಹಕ್ಕಿ ಇನ್ನೂ ಕಪ್ಪಾಗುತ್ತದೆ.

ಅದಕ್ಕೆ ಬೆಳಿಗ್ಗೆ ಹೊತ್ತು ಕೊಟ್ಟಿಗೆ ಕಡೆಯಿಂದ ಮನೆ ಕಡೆಗೆ ತಿರುಗಿ ತೆಗೆಯಿರಿ. ಕೊಟ್ಟಿಗೆಯೊಳಗೆ ಕೂತರೆ ಹಕ್ಕಿಗಳು ತಲೆಯನ್ನೂ ಕೆಡಿಸಿಕೊಳ್ಳುವುದಿಲ್ಲ. ಮಧ್ಯಾಹ್ನ ಮೂರರ ನಂತರ ಕಿಟಕಿಗೆ ಬನ್ನಿ, ಆಗ ಸೂರ್ಯ ನಿಮ್ಮ ಬೆನ್ನಿಗೆ. ಮನೆಯ ನೆರಳು ಗಿಡ ಮುಟ್ಟುವವರೆಗೆ ಒಳ್ಳೆಯ ಬೆಳಕು ಸಿಗುತ್ತದೆ.

ಆಕಾಶ ಹಿಂದಿದ್ದೇ ತೆಗೆಯಬೇಕಾದರೆ ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಫೋಟೋದ ಬೆಳಕು ಏರಿಸುವ, ಇಳಿಸುವ ಸೆಟ್ಟಿಂಗ್) ಪ್ಲಸ್ 1 ಮಾಡಿ. ಡಯಲ್ ಟಿವಿ (Tv, ಶಟರ್ ವೇಗ ನಾವೇ ಆರಿಸುವ) ಮೋಡ್‌ನಲ್ಲಿ, ಶಟರ್ 1/1000 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ. ಸೂರಕ್ಕಿ ಗಾಳಿಯಲ್ಲಿ ನಿಲ್ಲುವುದು ಅಪರೂಪ, ಸಾಮಾನ್ಯವಾಗಿ ಗೆಲ್ಲಿನ ಮೇಲೆ ಕೂತೇ ಮಕರಂದ ಹೀರುತ್ತದೆ. ದಾಸವಾಳದಲ್ಲಂತೂ ಹೂವಿನ ಬುಡಕ್ಕೇ ಪಕ್ಕದಿಂದ ಕೊಕ್ಕು ಚುಚ್ಚುತ್ತದೆ, ಅದಕ್ಕೆ ಹೂವಿನ ಬಾಯಿಗೆ ಫೋಕಸ್ ಇಟ್ಟು ಕಾಯಬೇಡಿ, ತೊಟ್ಟಿನ ಕಡೆ ಇಡಿ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 3 ಫೋಟೋ ತೆಗೆಯುತ್ತದೆ. ಒತ್ತಿ ಹಿಡಿಯಿರಿ, ಅದು ಕತ್ತು ಹೊರಳಿಸಿದಾಗ ಒಂದರಲ್ಲಾದರೂ ಗಂಟಲು ಹೊತ್ತಿಕೊಳ್ಳುತ್ತದೆ.

ಬಾಳೆಮೂತಿ ಇದೆಯಾ? ಎಲ್ಲವನ್ನೂ ಪಲ್ಯಕ್ಕೆ ಕೊಯ್ಯಬೇಡಿ, ಒಂದು ಬಿಡಿ. ಎಸಳು ಬಿಚ್ಚಿಕೊಂಡ ಹಾಗೆಲ್ಲಾ ಹೊಸ ಸಾಲು ಹೂ ತೆರೆಯುತ್ತದೆ, ಹಕ್ಕಿ ಅದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ.

ಮೈಸೂರು ಮುತ್ತುಗ:
ಬಣ್ಣದ ವಿಷಯ ಮೇಲಿನವರು ಹೇಳಿದ್ದೇ ಸರಿ. ನಾನು ನೀರಿನದ್ದು ಸೇರಿಸುತ್ತೇನೆ. ಅಗಲವಾದ ಮಣ್ಣಿನ ತಟ್ಟೆ, ಎರಡು ಇಂಚಿಗಿಂತ ಆಳ ಬೇಡ, ಒಳಗೆ ಒಂದು ಒರಟು ಕಲ್ಲು. ಪೊದೆಗೆ ಅಂಟಿಕೊಂಡು ಇಟ್ಟರೆ ಬೆಕ್ಕು ಹೊಂಚು ಹಾಕುತ್ತದೆ, ಬಟ್ಟ ಬಯಲಲ್ಲಿ ಇಟ್ಟರೆ ಹಕ್ಕಿ ಇಳಿಯುವುದಿಲ್ಲ. ನಡುವೆ ಎಲ್ಲಾದರೂ ಇಡಿ. ನೀರು ದಿನಾ ಚೆಲ್ಲಿ ಬದಲಾಯಿಸಿ, ಇಲ್ಲದಿದ್ದರೆ ಸೊಳ್ಳೆಮರಿ, ಆಮೇಲೆ ಡೆಂಗಿ.

ತಟ್ಟೆಯ ಪಕ್ಕ ಪಾಚಿ ಹಿಡಿದ ಒಂದು ಒಣಕೊಂಬೆ ನೆಡಿ. ಹಕ್ಕಿ ನೇರವಾಗಿ ನೀರಿಗೆ ಇಳಿಯುವುದು ಕಡಿಮೆ, ಮೊದಲು ಕೊಂಬೆ ಮೇಲೆ ಕೂತು ಆ ಕಡೆ ಈ ಕಡೆ ನೋಡುತ್ತದೆ. ಫೋಟೋ ಇರುವುದು ಅಲ್ಲೇ. ಕೊಂಬೆಯ ಹಿಂದೆ ಹತ್ತು ಹದಿನೈದು ಅಡಿ ಖಾಲಿ ಬಿಟ್ಟರೆ ಹಿನ್ನೆಲೆ ತಾನಾಗಿಯೇ ನುಣ್ಣಗೆ ಮಸುಕಾಗುತ್ತದೆ, ಬಟ್ಟೆ ಒಣಗಿಸುವ ಹಗ್ಗ, ನೀಲಿ ಬಕೆಟ್ ಯಾವುದೂ ಕಾಣುವುದಿಲ್ಲ.

ಬಯಲುಸೀಮೆ ಬಾಲು:
ಇಷ್ಟೆಲ್ಲಾ ಯಾಕೆ? ಸಕ್ಕರೆ ನೀರಿನ ಬಾಟಲಿ ತೂಗುಹಾಕಿ, ಫೋನಿನಲ್ಲಿ ಹಕ್ಕಿ ಕೂಗು ಹಾಕಿ. ಐದು ನಿಮಿಷದಲ್ಲಿ ಎದುರಿಗೇ ಬಂದು ಕೂರುತ್ತದೆ.

ಮಟಪಕ್ಷಿ:
ಬಾಲು ಅವರೇ, ಕೂಗು ಹಾಕಿದರೆ ಬರುತ್ತದೆ ನಿಜ. ಇನ್ನೊಂದು ಗಂಡು ತನ್ನ ಜಾಗಕ್ಕೆ ನುಗ್ಗಿದೆ ಅಂತ ಜಗಳಕ್ಕೆ ಬರುವುದು ಅದು. ಗೂಡು, ಮರಿ ಬಿಟ್ಟು ಸುಮ್ನೆ ಇಲ್ಲದ ಶತ್ರುವನ್ನು ಹುಡುಕುತ್ತಾ ಇರುತ್ತದೆ. ಸೂರಕ್ಕಿ ಬೈಕಿನ ಕನ್ನಡಿ ಕುಕ್ಕುವುದನ್ನು ನೋಡಿರಬೇಕಲ್ಲ, ಅದೂ ಇದೇ ಕಥೆ. ಅಂಥ ಕನ್ನಡಿಗೆ ಒಂದು ಬಟ್ಟೆ ಚೀಲ ಸಿಕ್ಕಿಸಿಬಿಡಿ. ಸಕ್ಕರೆ ನೀರು ಬಿಸಿಲಿಗೆ ಹುಳಿಯುತ್ತದೆ, ಇರುವೆ ಮುತ್ತುತ್ತದೆ. ದಾಸವಾಳ, ಬಾಳೆ ಇರುವ ಹಿತ್ತಲಿಗೆ ಅದರ ಅಗತ್ಯ ಏನು?

ಮೈಸೂರು ಮುತ್ತುಗ:
ಗೂಡಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಎಲೆ ಕತ್ತರಿಸಬೇಡಿ. ಆ ಎಲೆ ಇರುವುದರಿಂದಲೇ ಕಾಗೆಗೆ, ಕೆಂಬೂತಕ್ಕೆ ಗೂಡು ಕಾಣದೆ ಇರುವುದು. ನೀವು ಪದೇ ಪದೇ ಹತ್ತಿರ ಹೋಗಿ ನಿಂತರೂ ಕಾಗೆ ಗಮನಿಸುತ್ತದೆ, ಭಾರೀ ಹುಷಾರಿ ಅದು. ತಾಯಿ ಎದ್ದು ಹೋದರೆ ಮೊಟ್ಟೆ ತಣ್ಣಗಾಗುತ್ತದೆ. ಫ್ಲಾಶ್ ಅಂತೂ ಬೇಡವೇ ಬೇಡ. ಹಕ್ಕಿ ಫೋಟೋ ಗುಂಪುಗಳಲ್ಲಿ ಎಷ್ಟೋ ಕಡೆ ಗೂಡಿನ ಫೋಟೋ ಹಾಕಲೂ ಬಿಡುವುದಿಲ್ಲ. ಪಿಕಳಾರ ಮೊಟ್ಟೆಗೆ ಕೂತ ಮೇಲೆ ಮರಿ ಹಾರಲು ಒಂದು ತಿಂಗಳೂ ಬೇಡ. ಅಲ್ಲಿಯವರೆಗೆ ಆ ಕುಂಡಕ್ಕೆ ನೀರನ್ನೂ ಪಕ್ಕದಿಂದ ನಿಧಾನಕ್ಕೆ ಬಿಡಿ.

ಹಿತ್ತಲಮನೆ:
ಎಲೆ ಮುಟ್ಟುವುದಿಲ್ಲ. ಅಮ್ಮನೂ ಇದನ್ನೇ ಹೇಳುತ್ತಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಇವತ್ತು ಬೆಳಿಗ್ಗೆ ಕೊಟ್ಟಿಗೆ ಕಡೆಯಿಂದ ತೆಗೆದೆ, ಗಂಟಲಿನ ನೇರಳೆ ಬಂತು! ಆದರೆ ಕುಟ್ರು ಹಕ್ಕಿಯದ್ದು ಒಂದೂ ಸರಿ ಬರಲಿಲ್ಲ. ಹಸಿರು ಹಕ್ಕಿ ಹಸಿರು ಎಲೆ ನಡುವೆ ಕೂರುತ್ತದೆ, ಫೋಕಸ್ ಎಲೆಗೇ ಹೋಗುತ್ತದೆ. ಇನ್ನೊಂದು ಪುಟ್ಟ ಹಕ್ಕಿ, ಕೆಳಗೆ ಹಳದಿ, ಗಂಟಲಿಂದ ಎದೆವರೆಗೆ ಒಂದು ಕಪ್ಪು ಗೀಟು. ಅದು ಯಾವುದು?

ಮಟಪಕ್ಷಿ:
ಗೀಟಿನದ್ದೂ ಸೂರಕ್ಕಿಯೇ, ಬೇರೆ ಜಾತಿ. ಮೈಯೆಲ್ಲಾ ಕಡುನೀಲಿ ಕಾಣುವ ಸೂರಕ್ಕಿ ಇದೆಯಲ್ಲ, ಅದರ ಗಂಡು ಮರಿ ಮಾಡುವ ಕಾಲ ಮುಗಿದ ಮೇಲೆ ಈ ವೇಷಕ್ಕೆ ಬರುತ್ತದೆ. ಹೆಣ್ಣಿಗೆ ಗೀಟು ಇರುವುದಿಲ್ಲ. ಮಸುಕಾದ ಫೋಟೋ ಇದ್ದರೂ ಅಳಿಸಬೇಡಿ, ಗುರುತಿಗೆ ಅಷ್ಟು ಸಾಕು. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ, ಹಿತ್ತಲಲ್ಲೇ ಕೂತು ಕನಿಷ್ಠ 15 ನಿಮಿಷ ಕಂಡ ಹಕ್ಕಿ ಎಣಿಸಿ, ಹಕ್ಕಿ ದಾಖಲೆ ಹಾಕುವ ಜಾಲತಾಣ ಇಬರ್ಡ್‌ಗೆ ಹಾಕಬಹುದು.

ಕುಟ್ರುಗೆ: ಫೋಕಸ್ ಪಾಯಿಂಟ್ 9 ಇವೆ, ಕ್ಯಾಮೆರಾ ತಾನೇ ಆರಿಸಲು ಬಿಡಬೇಡಿ. ಮಧ್ಯದ್ದೊಂದನ್ನೇ ಇಟ್ಟುಕೊಂಡು ನೇರ ಕಣ್ಣಿಗೆ ಹಿಡಿಯಿರಿ. ಪಪ್ಪಾಯಿ ಮರ ಇದ್ದರೆ ಒಂದು ಹಣ್ಣು ಮರದಲ್ಲೇ ಬಿಡಿ. ಅಲ್ಲಿ ಎಲೆ ಅಡ್ಡ ಬರುವುದಿಲ್ಲ, ಕುಟ್ರು ಹಣ್ಣಿಗೆ ತೂತು ಕೊರೆದು ಮುಗಿಸುವವರೆಗೆ ಕದಲುವುದೂ ಇಲ್ಲ.